ಎಲ್‌ಎಂ386 ಇರುವ ಕಿಟ್ ರಿಸೀವರ್: ಹಿಸ್ ಮತ್ತು ಪುಟುಪುಟು ಸದ್ದು

ಪ್ರಶ್ನೆ
40 ಮೀಟರ್ ಹ್ಯಾಮ್ ಬ್ಯಾಂಡ್‌ನ ಡೈರೆಕ್ಟ್ ಕನ್ವರ್ಷನ್ (ರೇಡಿಯೊ ಸಿಗ್ನಲ್ ಅನ್ನು ನೇರವಾಗಿ ಆಡಿಯೊ ಮಾಡುವ) ರಿಸೀವರ್ ಕಿಟ್. ಮಿಕ್ಸರ್ ಚಿಪ್ ಎನ್‌ಇ602ರ 4ನೇ ಪಿನ್‌ನಿಂದ 10 ಕಿಲೊಓಮ್ ವಾಲ್ಯೂಮ್ ಪಾಟ್ (ತಿರುಗಿಸುವ ರೆಸಿಸ್ಟರ್), ಅಲ್ಲಿಂದ ಆಡಿಯೊ ಆಂಪ್ಲಿಫೈಯರ್ ಚಿಪ್ ಎಲ್‌ಎಂ386. ಅದರ 1 ಮತ್ತು 8ನೇ ಪಿನ್ ನಡುವೆ ನೇರವಾಗಿ 10 ಮೈಕ್ರೊಫ್ಯಾರಡ್. 9 ವೋಲ್ಟ್ ಬ್ಯಾಟರಿ, 8 ಓಮ್ ಸ್ಪೀಕರ್. ಯಾವಾಗಲೂ ಹಿಸ್, ವಾಲ್ಯೂಮ್ ಮುಕ್ಕಾಲು ದಾಟಿದರೆ ಪುಟುಪುಟು ಶುರು. ಏನು ಬದಲಾಯಿಸಲಿ?

ಉತ್ತರ 1
ಇವು ಎರಡು ಬೇರೆ ಕಾಯಿಲೆ. ಪುಟುಪುಟು ಸಪ್ಲೈಯದ್ದು: ಸ್ಪೀಕರ್ ಕರೆಂಟ್ ಎಳೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತೆ, ಆ ಕುಸಿತ ಮಿಕ್ಸರ್‌ಗೆ ತಲುಪಿ ಆಡಿಯೊ ಆಗಿ ಮತ್ತೆ ಎಲ್‌ಎಂ386ಕ್ಕೇ ಬರುತ್ತೆ. ಬ್ಯಾಟರಿ ಹಳತಾದಷ್ಟೂ ಜಾಸ್ತಿ, ಹಾಗಾಗಿ ಮೊದಲು ಹೊಸದು ಹಾಕಿ ನೋಡಿ. ಎಲ್‌ಎಂ386ರ ಸಪ್ಲೈ ಪಿನ್ 6ರ ಬುಡದಲ್ಲೇ ಗ್ರೌಂಡ್‌ಗೆ 470 ಮೈಕ್ರೊಫ್ಯಾರಡ್, ಜೊತೆಗೆ 100 ನ್ಯಾನೊಫ್ಯಾರಡ್ ಸೆರಾಮಿಕ್. 7ನೇ ಪಿನ್‌ನಿಂದ ಗ್ರೌಂಡ್‌ಗೆ 10 ಮೈಕ್ರೊಫ್ಯಾರಡ್. ಮಿಕ್ಸರ್ ಸಪ್ಲೈ ಲೈನ್‌ಗೆ ಸರಣಿಯಲ್ಲಿ 100 ಓಮ್, ಅದರಾಚೆ ಗ್ರೌಂಡ್‌ಗೆ 100 ಮೈಕ್ರೊಫ್ಯಾರಡ್.

ಎಲ್‌ಎಂ386ರ ಔಟ್‌ಪುಟ್ ಆದ 5ನೇ ಪಿನ್‌ನಿಂದ ಗ್ರೌಂಡ್‌ಗೆ 10 ಓಮ್, 47 ನ್ಯಾನೊಫ್ಯಾರಡ್ ಸರಣಿಯಲ್ಲಿ ಇದೆಯಾ ನೋಡಿ. ಎಷ್ಟೋ ಕಿಟ್‌ಗಳಲ್ಲಿ ಇದನ್ನೇ ಬಿಟ್ಟಿರ್ತಾರೆ. ಇಲ್ಲದಿದ್ದರೆ ಚಿಪ್ ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗಿ ಬಿಸಿಯಾಗಬಹುದು, ಮಾತು ಒಡೆದ ಹಾಗೆ ಕೇಳಿಸುತ್ತೆ.

ಉತ್ತರ 2
ಹಿಸ್‌ಗೆ ಮೊದಲು ವಾಲ್ಯೂಮ್ ಸೊನ್ನೆ ಮಾಡಿ. ಆಗಲೂ ಉಳಿದರೆ ಅದು ಎಲ್‌ಎಂ386ರ ಸ್ವಂತದ್ದು. ನಿಮ್ಮ ಹಾಗೆ 10 ಮೈಕ್ರೊಫ್ಯಾರಡ್ ನೇರವಾಗಿ ಇದ್ದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತೆ ಅನ್ನೋದು) 200, ಅಷ್ಟರಲ್ಲಿ ಅದು ಗಲಾಟೆ ಮಾಡೇ ಮಾಡುತ್ತೆ. 10 ಮೈಕ್ರೊಫ್ಯಾರಡ್‌ಗೆ ಸರಣಿಯಲ್ಲಿ 1.2 ಕಿಲೊಓಮ್ ಹಾಕಿ. ಡೇಟಾಶೀಟ್ ಗೇನ್ 50 ಅನ್ನುತ್ತೆ, ಒಳಗಿನ ರೆಸಿಸ್ಟರ್‌ಗಳಿಂದ ಲೆಕ್ಕ ಹಾಕಿದರೆ 38 ಬರುತ್ತೆ. ಕಿವಿಗೆ ಆ ವ್ಯತ್ಯಾಸ ದೊಡ್ಡದಲ್ಲ.

ಸೊನ್ನೆಯಲ್ಲಿ ಹಿಸ್ ಹೋದರೆ ಅದು ಹಿಂದಿನ ಹಂತದ್ದು. ಎನ್‌ಇ602ರ ಔಟ್‌ಪುಟ್ ರೆಸಿಸ್ಟೆನ್ಸ್ 1.5 ಕಿಲೊಓಮ್. 4ನೇ ಪಿನ್‌ನಿಂದ ಗ್ರೌಂಡ್‌ಗೆ 47 ನ್ಯಾನೊಫ್ಯಾರಡ್ ಹಾಕಿದರೆ ಪಾಟ್ ಲೋಡ್ ಸೇರಿ 2.6 ಕಿಲೊಹರ್ಟ್ಸ್ ಆಸುಪಾಸಿನಿಂದ ಮೇಲಿನದ್ದನ್ನು ಕತ್ತರಿಸುತ್ತೆ. ಬರೀ ಮೋರ್ಸ್ ಕೇಳೋದಾದರೆ 100 ನ್ಯಾನೊಫ್ಯಾರಡ್. ಪಾಲಿಯೆಸ್ಟರ್ ಒಳ್ಳೆಯದು, ಕೆಲವು ಸೆರಾಮಿಕ್‌ಗಳು ತಟ್ಟಿದರೆ ಮೈಕ್ ಥರ ಸದ್ದು ಮಾಡ್ತವೆ.

ಪ್ರಶ್ನೆ ಕೇಳಿದವರು
ವಾಲ್ಯೂಮ್ ಸೊನ್ನೆಯಲ್ಲೂ ಹಿಸ್ ಇತ್ತು. 1.2 ಕಿಲೊಓಮ್ ಹಾಕಿದ ಮೇಲೆ ಇಳಿಯಿತು, ಪುಟುಪುಟುವೂ ನಿಂತಿತು. ಆದರೆ ಸ್ಪೀಕರ್‌ನಲ್ಲಿ ದೂರದ ಸ್ಟೇಷನ್‌ಗಳು ಕ್ಷೀಣ.

ಉತ್ತರ 2
ಕಳೆದುಕೊಂಡ ಗೇನ್ ಅನ್ನು ಪಾಟ್‌ಗೆ ಮುಂಚೆಯೇ ತನ್ನಿ. ಬಿಸಿ549 ಟ್ರಾನ್ಸಿಸ್ಟರ್ ಒಂದು: ಕಲೆಕ್ಟರ್‌ಗೆ 4.7 ಕಿಲೊಓಮ್, ಎಮಿಟರ್‌ಗೆ 470 ಓಮ್ (ಬೈಪಾಸ್ ಕೆಪಾಸಿಟರ್ ಬೇಡ), ಕಲೆಕ್ಟರ್‌ನಿಂದ ಬೇಸ್‌ಗೆ 1 ಮೆಗಾಓಮ್, ಒಳಗೂ ಹೊರಗೂ 1 ಮೈಕ್ರೊಫ್ಯಾರಡ್ ಕಪ್ಲಿಂಗ್. ಪಾಟ್ ಲೋಡ್‌ನಲ್ಲಿ ಗೇನ್ ಆರು ಪಟ್ಟು ಮೀರುತ್ತೆ, ಎಲ್‌ಎಂ386ರ 38 ಸೇರಿ ಒಟ್ಟು 240ರ ಹತ್ತಿರ. ಕಲೆಕ್ಟರ್‌ನಲ್ಲಿ 3ರಿಂದ 5 ವೋಲ್ಟ್ ಇರಬೇಕು. ಇದರ ಸಪ್ಲೈಯನ್ನೂ ಆ 100 ಓಮ್ ಆಚೆಯಿಂದಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಪುಟುಪುಟು ವಾಪಸ್.