ಕೀ ಗೊಂಚಲು, ಟೆಸ್ಟರ್, ಸಣ್ಣಪುಟ್ಟ ಸಾಮಾನು ಕಳೆಯದ ಹಾಗೆ ಹೇಗೆ ಇಟ್ಟುಕೊಳ್ಳುತ್ತೀರಿ? ಅನುಭವ ಹೇಳಿ

ಫ್ಯಾನ್ ರಿಪೇರಿ, ತುಮಕೂರು:
ಎಲ್ಲರಿಗೂ ನಮಸ್ಕಾರ. ಮನೆಮನೆಗೆ ಹೋಗಿ ಫ್ಯಾನ್, ಮಿಕ್ಸಿ ರಿಪೇರಿ ಮಾಡುತ್ತೇನೆ. ಜೊತೆಯಲ್ಲಿ ಏಳು ಕೀ ಇರುತ್ತವೆ. ಮನೆಯದು ಎರಡು, ಶಟರಿನದು ಮೂರು, ಸ್ಕೂಟರಿನದು, ಅಮ್ಮನ ಬೀರುವಿನದು. ಟೆಸ್ಟರ್, ಗೇಣುದ್ದದ ಸ್ಕ್ರೂಡ್ರೈವರ್, ಸಣ್ಣ ಟಾರ್ಚ್, ನೈಲ್ ಕಟರ್ ಬೇರೆ. ಮೂರು ತಿಂಗಳಲ್ಲಿ ಎರಡು ಸಲ ಗೊಂಚಲು ಕಳೆದುಕೊಂಡೆ. ಎರಡನೇ ಸಲ ಜೇಬಿನ ತೂತಿನಿಂದ ಜಾರಿದ್ದು. ಹರ್ನಿಯಾ ಆಪರೇಷನ್ ಆದಮೇಲೆ ಬೆಲ್ಟ್ ಕಟ್ಟುವುದಿಲ್ಲ, ಲಾಡಿ ಇರುವ ಟ್ರ್ಯಾಕ್ ಪ್ಯಾಂಟೇ ಜಾಸ್ತಿ. 500 ರೂಪಾಯಿ ಒಳಗೆ ಏನಾದರೂ ದಾರಿ ಇದ್ದರೆ ಹೇಳಿ.

ಬಟ್ಟೆ ಅಂಗಡಿ, ದಾವಣಗೆರೆ:
ಸರ್, ಸುಮ್ನೆ ಹೇಳುತ್ತಿಲ್ಲ, ಅನುಭವಿಸಿದವನು ನಾನು. ದೀಪಾವಳಿ ವಾರ, ಶುಕ್ರವಾರ ರಾತ್ರಿ ಹತ್ತೂವರೆ. ಶಟರ್ ಎಳೆದೆ, ಎರಡು ಪಕ್ಕದ ಬೀಗ ಹಾಕಿದೆ, ಸೆಂಟರ್ ಲಾಕ್ ತಿರುಗಿಸಿದೆ, ಗೊಂಚಲು ಜೇಬಿಗೆ ಹಾಕಿದ್ದು ಚೆನ್ನಾಗಿ ನೆನಪಿದೆ. ಮನೆಗೆ ಹೋಗಿ ನೋಡಿದರೆ ಇಲ್ಲ. ಬೆಳಿಗ್ಗೆ ಆರಕ್ಕೇ ಬೀಗದವನನ್ನು ಎಬ್ಬಿಸಿಕೊಂಡು ಬಂದೆ. ಲೆಕ್ಕ ಕೇಳಿ. ಪಕ್ಕದ ಬೀಗ ಗ್ರೈಂಡರಿನಲ್ಲಿ ಕತ್ತರಿಸಿದ್ದು ಒಂದಕ್ಕೆ 200, ಎರಡಕ್ಕೆ 400. ಸೆಂಟರ್ ಲಾಕ್ ಬಿಚ್ಚಿದ್ದು 700. ಹೊಸ ಸೆಂಟರ್ ಲಾಕ್ 1,150. ಹೊಸ ಬೀಗ ಎರಡು, 520ರಂತೆ 1,040. ಕತ್ತರಿಸುವಾಗ ಕೆಳಗಿನ ಪಟ್ಟಿ ಬಗ್ಗಿತು, ವೆಲ್ಡಿಂಗ್ 350. ಆಟೋ 160. ಅಲ್ಲಿಗೆ 3,800. ಸಂದಿಯಿಂದ ಕಿಡಿ ಹಾರಿ ಒಳಗೆ ಗಂಟು ಕಟ್ಟಿಟ್ಟಿದ್ದ ನೈಟಿಗಳಿಗೆ ತೂತು ಬಿತ್ತು, ಅದನ್ನು ನಾನು ಇದರಲ್ಲಿ ಸೇರಿಸಿಲ್ಲ. ಅಂಗಡಿ ತೆಗೆದಾಗ ಹನ್ನೊಂದೂವರೆ. ಹಬ್ಬದ ಶನಿವಾರದ ಬೆಳಗಿನ ವ್ಯಾಪಾರ ಪೂರ್ತಿ ಪಕ್ಕದವರಿಗೆ ಹೋಯಿತು.

ಗೊಂಚಲು ಸಿಕ್ಕಿದ್ದು ಎಲ್ಲಿ ಗೊತ್ತಾ? ಹದಿನೈದು ದಿನ ಆದಮೇಲೆ, ಸ್ಕೂಟರ್ ಡಿಕ್ಕಿಯಲ್ಲಿ, ರೇನ್‌ಕೋಟ್ ಮಡಿಕೆ ಒಳಗೆ. ಆವತ್ತಿನಿಂದ ಬೆಲ್ಟಿಗೆ ಸ್ಟೀಲ್ ಹುಕ್, ಅದಕ್ಕೆ ಒಂದೂವರೆ ಅಡಿ ಸರಪಳಿ, ತುದಿಗೆ ಗೊಂಚಲು. ನಾಲ್ಕು ವರ್ಷ ಆಯಿತು, ಒಂದು ಕೀ ಕಳೆದಿಲ್ಲ. ಒಳ್ಳೆ ಲೆದರ್ ಬೆಲ್ಟ್ ತಗೊಳ್ಳಿ, ಅಗ್ಗದ್ದು ಬೇಡ.

ಯುಪಿಎಸ್ ಸರ್ವೀಸ್, ಶಿವಮೊಗ್ಗ:
ಸರಪಳಿ ಅನ್ನುವವರು ಒಂದು ದಿನ ನನ್ನ ಜೊತೆ ಬನ್ನಿ. ನಾನೂ ಹೀಗೇ ಸೊಂಟಕ್ಕೆ ಸರಪಳಿ ಬಿಟ್ಟುಕೊಂಡು ಗತ್ತಿನಲ್ಲಿ ಓಡಾಡುತ್ತಿದ್ದೆ. ಒಂದು ಮನೆಯ ಮೆಟ್ಟಿಲ ಕೆಳಗೆ ಯುಪಿಎಸ್‌ನ ದೊಡ್ಡ ಬ್ಯಾಟರಿ ಎರಡು ಪಕ್ಕಪಕ್ಕ ಇದ್ದವು. ನೀರು ನೋಡೋಣ ಅಂತ ಬಗ್ಗಿದೆ. ಸರಪಳಿ ಜೋತು ಎರಡು ಟರ್ಮಿನಲ್ ನಡುವೆ ಅಡ್ಡ ಬಿತ್ತು. ಫಟ್ ಅಂತ ಶಬ್ದ, ನೀಲಿ ಬೆಳಕು. ಸರಪಳಿಯ ಎರಡು ಕೊಂಡಿ ಕರಗಿ ಟರ್ಮಿನಲ್ಲಿಗೆ ಅಂಟಿಕೊಂಡಿದ್ದವು. ಒಂದು ಕೀ ಕೆಂಪಗೆ ಕಾದು ತೊಡೆಗೆ ತಾಗಿತು. ತೊಡೆಯ ಮೇಲೆ ಇವತ್ತಿಗೂ ಕೀ ಹಲ್ಲಿನ ಗುರುತಿದೆ, ಮೂರು ಏಣು ಎಣಿಸಬಹುದು. 12 ವೋಲ್ಟಿಗೆ ಶಾಕ್ ಹೊಡೆಯಲ್ಲ ಅಂತ ನಗಬೇಡಿ. ವೋಲ್ಟ್ ಕಡಿಮೆ ನಿಜ, ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ.

ಖರ್ಚೂ ಕೇಳಿ. ಮುಲಾಮು, ಬ್ಯಾಂಡೇಜು ಒಂಬತ್ತು ದಿನ, 1,460. ಪ್ಯಾಂಟ್ 900. ಆ ಮನೆಯವರು ಬ್ಯಾಟರಿ ಕೆಟ್ಟಿತು ಅಂತ ಆರು ತಿಂಗಳು ಫೋನ್ ಮಾಡಿದರು. ಕೆಟ್ಟಿರಲಿಲ್ಲ.

ಪ್ರಶ್ನೆ ಕೇಳಿದವರು ಕರೆಂಟ್ ಕೆಲಸದವರು. ಅವರಿಗೆ ಸರಪಳಿ ಹೇಳುತ್ತೀರಲ್ಲ ದಾವಣಗೆರೆಯವರೇ?

ಬಟ್ಟೆ ಅಂಗಡಿ, ದಾವಣಗೆರೆ:
ಬ್ಯಾಟರಿ ಮುಟ್ಟುವ ಮುಂಚೆ ಸರಪಳಿ ಬಿಚ್ಚಿಡಬೇಕು ಅನ್ನುವುದು ಸಣ್ಣ ಹುಡುಗನಿಗೂ ಗೊತ್ತು. ನಿಮ್ಮ ತಪ್ಪನ್ನು ನನ್ನ ಸರಪಳಿ ಮೇಲೆ ಹಾಕಬೇಡಿ.

ಯುಪಿಎಸ್ ಸರ್ವೀಸ್, ಶಿವಮೊಗ್ಗ:
ಗೊಂಚಲು ಡಿಕ್ಕಿಯಲ್ಲಿ ನೋಡಬೇಕು ಅನ್ನುವುದೂ ಸಣ್ಣ ಹುಡುಗನಿಗೆ ಗೊತ್ತು ಸಾರ್.

ಟರ್ನರ್, ಪೀಣ್ಯ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕೀ ಸಿಕ್ಕಿಸಿ ಕುತ್ತಿಗೆಗೆ ಹಾಕುವ ಪಟ್ಟಿ ಬಗ್ಗೆ ಯಾರೂ ಹೇಳಿಲ್ಲ, ಹೇಳುವ ಮುಂಚೆ ನಾನು ಹೇಳುತ್ತೇನೆ. ಬೇಡ. ನಮ್ಮ ಶಾಪಿನಲ್ಲಿ ಹೊಸ ಹುಡುಗ ಲೇತ್, ಅಂದ್ರೆ ಕಬ್ಬಿಣ ತಿರುಗಿಸಿ ಕೊರೆಯುವ ಮೆಷಿನ್ ಮುಂದೆ ನಿಂತಿದ್ದ, ಬೀರುವಿನ ಕೀ ಕತ್ತಿನಲ್ಲಿ. ಪಟ್ಟಿ ಚಕ್‌ನ, ಅಂದ್ರೆ ಕಬ್ಬಿಣ ಕಚ್ಚಿಕೊಂಡು ತಿರುಗುವ ಭಾಗದ, ದವಡೆಗೆ ಸಿಕ್ಕಿತು. ಅವನ ಪುಣ್ಯ, ಅದು ಆಫೀಸಿನವರು ಕೊಟ್ಟ ಪಟ್ಟಿ, ಹಿಂದೆ ಪ್ಲಾಸ್ಟಿಕ್ ಕ್ಲಿಪ್ ಇತ್ತು. ಎಳೆದ ತಕ್ಷಣ ಕ್ಲಿಪ್ ಬಿಟ್ಟುಕೊಂಡಿತು. ಅವನ ಹಣೆ ಚಕ್‌ನಿಂದ ಎರಡು ಗೇಣು ದೂರ ಇತ್ತು, ಅಷ್ಟೇ. ಆಮೇಲೆ ಒಂದು ಗಂಟೆ ಅವನಿಗೆ ಟೀ ಲೋಟ ಹಿಡಿಯೋಕೆ ಆಗಲಿಲ್ಲ.

ಹಾಗಿದ್ದೂ ಕುತ್ತಿಗೆಗೇ ಹಾಕುತ್ತೇನೆ ಅನ್ನುವವರು ಎಳೆದರೆ ಬಿಟ್ಟುಕೊಳ್ಳುವ ಕ್ಲಿಪ್ ಇರುವುದನ್ನೇ ತಗೊಳ್ಳಿ. ಹೊಲಿಗೆ ಹಾಕಿ ಮುಚ್ಚಿದ ಪಟ್ಟಿ ಬೇಡವೇ ಬೇಡ. ಫ್ಯಾನ್ ರಿಪೇರಿ ಅಂದ್ರೆ ಟೆಸ್ಟ್ ಮಾಡುವಾಗ ಮುಖ ಅಲ್ಲೇ ಇರುತ್ತೆ ಅಲ್ವಾ?

ನಾನು ಮೊದಲು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 30 ರೂಪಾಯಿಗೆ ಸಿಗುತ್ತಿದ್ದ ಕ್ಯಾರಬೀನರ್, ಅಂದ್ರೆ ಸ್ಪ್ರಿಂಗ್ ಬಾಯಿಯ ಕೊಂಡಿ, ಹಾಕುತ್ತಿದ್ದೆ. ಮೂರು ಮುರಿದವು. ಸ್ಪ್ರಿಂಗ್ ಸಡಿಲವಾಗಿ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಬಸ್ಸಿನ ನೂಕಾಟದಲ್ಲಿ ತಾನೇ ಬಿಚ್ಚಿಕೊಳ್ಳುತ್ತದೆ. ಈಗ ತಿರುಗಿಸಿ ಬಿಗಿ ಮಾಡುವ ಸ್ಟೀಲ್‌ನದು, 240 ರೂಪಾಯಿ. ಬೆಲ್ಟಿನ ಲೂಪಿಗೆ ಹಾಕಿ ಗೊಂಚಲು ಜೇಬಿನೊಳಗೆ ಇಳಿಬಿಡುತ್ತೇನೆ. ಹೊರಗೆ ಜೋತಾಡಲ್ಲ.

ಸಾಫ್ಟ್‌ವೇರ್, ವೈಟ್‌ಫೀಲ್ಡ್:
ಗುರುಗಳೇ, ಯಾವ ಕಾಲದಲ್ಲಿದ್ದೀರಿ? ಏರ್‌ಟ್ಯಾಗ್ ಹಾಕಿ, ನಿದ್ದೆ ಮಾಡಿ. ಆಪಲ್‌ನವರ ಸಣ್ಣ ಬಿಲ್ಲೆ, ಎಲ್ಲಿದೆ ಅಂತ ಐಫೋನಿನಲ್ಲಿ ತೋರಿಸುತ್ತೆ. 2021ರಲ್ಲಿ ಬಂದ ತಕ್ಷಣ 3,190 ಕೊಟ್ಟು ತಗೊಂಡೆ. ಅದಕ್ಕೆ ತೂತೇ ಇಲ್ಲ, ಕೀ ರಿಂಗಿಗೆ ಸಿಕ್ಕಿಸೋಕೆ ಬೇರೆ ಹೋಲ್ಡರ್ ಬೇಕು, ಅದಕ್ಕೆ ಮತ್ತೆ ದುಡ್ಡು. ಆದರೂ ಒಂದು ಪೈಸೆ ದಂಡ ಆಗಿಲ್ಲ. ಹೋದ ವರ್ಷ ಗೊಂಚಲು ಕ್ಯಾಬಿನಲ್ಲಿ ಬಿಟ್ಟೆ, ಫೋನಿನ ನಕ್ಷೆಯಲ್ಲಿ ಹೊಸಕೋಟೆ ಕಡೆ ಹೋಗುತ್ತಿದ್ದದ್ದು ಕಾಣಿಸಿತು. ಡ್ರೈವರಿಗೆ ಫೋನ್ ಮಾಡಿದೆ, ಹೋಗಿ ಬರೋಕೆ 740 ಆಯಿತು. ಬ್ಯಾಟರಿ ನಾಣ್ಯದಂಥ ಸಿಆರ್2032, ವರ್ಷಕ್ಕೆ ಒಂದು.

ತೆಂಗಿನ ತೋಟ, ತಿಪಟೂರು:
ನನ್ನ ಮಗನೂ ಅದನ್ನೇ ತಂದುಕೊಟ್ಟಿದ್ದ, ಅವನ ಹಳೇ ಐಫೋನ್ ಸಮೇತ. ಪಂಪ್ ಮನೆ ಕೀ ಅದರ ಜೊತೆ ಸೇರಿ ತೋಟದಲ್ಲಿ ಎಲ್ಲೋ ಬಿತ್ತು. ಫೋನ್ ನೋಡಿದರೆ ಬೆಳಿಗ್ಗೆ ಮನೆ ಜಗಲಿಯಲ್ಲಿ ಇತ್ತು ಅಂತ ತೋರಿಸುತ್ತದೆ. ಮೂರು ದಿನ ಜಗಲಿಯಲ್ಲೇ ಇತ್ತು! ಅದರೊಳಗೆ ಜಿಪಿಎಸ್ ಇಲ್ಲವಂತೆ, ಹತ್ತಿರ ಯಾರದಾದರೂ ಆಪಲ್ ಫೋನ್ ಹಾದುಹೋದರೆ ಅದರ ಮೂಲಕ ಸುದ್ದಿ ಬರುವುದಂತೆ. ನಮ್ಮ ತೋಟದಲ್ಲಿ ಯಾರು ಹಾದುಹೋಗುತ್ತಾರೆ? ನವಿಲು.

ತೆಂಗಿನ ಗರಿ ಎತ್ತಿಹಾಕುವಾಗ ಸಿಕ್ಕಿತು, ಆರನೇ ದಿನ. ಅಷ್ಟರಲ್ಲಿ ಬೀಗ ಒಡೆಸಿ ಆಗಿತ್ತು.

ಈಗ ನಾನು ವಾಪಸ್ ನಮ್ಮ ತಾತನ ದಾರಿಗೆ ಬಂದಿದ್ದೇನೆ. ಅವರಿಗೆ ಎಲೆಅಡಿಕೆ ಸಂಚಿ ಇತ್ತು. ಒಂದರೊಳಗೊಂದು ನಾಲ್ಕು ಅರೆ, ಎರಡು ಕಡೆ ದಾರ. ಎಳೆದರೆ ಎಲ್ಲ ಅರೆಯ ಬಾಯಿ ಒಟ್ಟಿಗೆ ಮುಚ್ಚುತ್ತದೆ. ಒಂದರಲ್ಲಿ ಅಡಕತ್ತರಿ, ಒಂದರಲ್ಲಿ ಸುಣ್ಣದ ಡಬ್ಬಿ, ಒಂದರಲ್ಲಿ ಚಿಲ್ಲರೆ. ತಲೆಕೆಳಗು ಹಿಡಿದರೂ ಬೀಳುತ್ತಿರಲಿಲ್ಲ. ಟ್ರಂಕಿನ ಕೀ ಮಾತ್ರ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ನಾನು ದಪ್ಪ ಖಾದಿಯಲ್ಲಿ ಒಂದು ಸಂಚಿ ಹೊಲಿಸಿಕೊಂಡೆ. ಬಟ್ಟೆ ಮನೆಯದು, ಹೊಲಿಗೆ 120. ಸ್ಪ್ಯಾನರ್, ಟೆಸ್ಟರ್, ಸ್ಟಾರ್ಟರ್ ಫ್ಯೂಸ್ ಎಲ್ಲ ಬೇರೆ ಬೇರೆ ಅರೆಯಲ್ಲಿ. ಕೀಗಳು ಉಡಿದಾರಕ್ಕೆ.

ಸಾಫ್ಟ್‌ವೇರ್, ವೈಟ್‌ಫೀಲ್ಡ್:
ಮೀಟಿಂಗಿನಲ್ಲಿ ಉಡಿದಾರ ಬಿಚ್ಚಿ ಡ್ರಾಯರ್ ತೆಗೆಯಬೇಕಾ ಅಣ್ಣಾ?

ತೆಂಗಿನ ತೋಟ, ತಿಪಟೂರು:
ನಿಮ್ಮ ಡ್ರಾಯರಿನಲ್ಲಿ ಏನಿದೆ ಕದಿಯೋಕೆ? ಚಾರ್ಜರ್ ತಾನೆ.

ಶಾಲೆ ಟೀಚರ್, ಧಾರವಾಡ:
ಎಲ್ಲರೂ ಗಂಡಸರೇ ಮಾತಾಡಕತ್ತೀರಿ. ಬೆಲ್ಟ್, ಲೂಪು, ಜೇಬು. ನಮ್ಮ ಸೀರಿಗೆ ಜೇಬು ಎಲ್ಲಿ ಅದ? ಚೂಡಿದಾರಕ್ಕೆ ಜೇಬು ಇಡ್ರಿ ಅಂದ್ರ ಟೇಲರ್ 50 ರೂಪಾಯಿ ಜಾಸ್ತಿ ಕೇಳತಾನ, ಇಟ್ಟದ್ದು ಚಾಕ್‌ಪೀಸ್ ಹಿಡಿಯುವಷ್ಟು. ನಮ್ಮ ಅತ್ತೆಯವರ ಕಡೆ ಬೆಳ್ಳಿ ಕೊಕ್ಕೆ ಇತ್ತು, ಸೊಂಟಕ್ಕ ಸಿಗಿಸಿದರ ಗೊಂಚಲು ಜೋತು ಬೀಳತಿತ್ತು. ಅವರು ಮನಿಯೊಳಗ ಎಲ್ಲಿದ್ದಾರ ಅಂತ ಸಪ್ಪಳದ ಮ್ಯಾಲೆ ಗೊತ್ತಾಗತಿತ್ತು. ಅದನ್ನ ನಾನು ಸಾಲಿಗೆ ಹಾಕ್ಕೊಂಡು ಹೋಗಿದ್ದೆ. ಪರೀಕ್ಷಾ ರೂಮಿನ್ಯಾಗ ಝಣ ಝಣ. ಹುಡುಗರು ನಕ್ಕರು, ಅಲ್ಲಿಗೇ ಬಿಟ್ಟೆ.

ಆಮೇಲೆ ಪರ್ಸ್‌ನ್ಯಾಗ ಇಟ್ಟೆ. ಪರ್ಸ್ ಬಸ್ಸಿನ್ಯಾಗ ಹೋತು. ಕೀಲಿ ಒಡಸೋದಕ್ಕ 450, ಹೊಸ ಕೀಲಿ 980, ಲ್ಯಾಬಿನ ಕೀಲಿ ಬದಲಿಸಿದ್ದು ನನ್ನ ಪಗಾರದಾಗಿಂದ 1,300. ಅದರ ರಸೀದಿ ಇನ್ನೂ ಇಟ್ಟೀನಿ.

ಸಾಫ್ಟ್‌ವೇರ್, ವೈಟ್‌ಫೀಲ್ಡ್:
ಕೀಲಿ ಯಾಕೆ ಒಡೆಸಿದಿರಿ ಮೇಡಂ? ಕಳೆದುಹೋಗಿತ್ತಲ್ವಾ?

ಶಾಲೆ ಟೀಚರ್, ಧಾರವಾಡ:
ಕೀಲಿ ಅಂದ್ರ ನಿಮ್ಮ ಬೀಗ ರೀ. ಕಳದದ್ದು ಕೀಲಿಕೈ. ಕನ್ನಡ ಬರತದೋ ಇಲ್ಲೋ?

ಸಾಫ್ಟ್‌ವೇರ್, ವೈಟ್‌ಫೀಲ್ಡ್:
ಬೀಗ ಅಂದ್ರೆ ಬೀಗ, ಬೀಗದ ಕೈ ಅಂದ್ರೆ ಕೀ. ಇದು ಸರಿಯಾದ ಕನ್ನಡ ಅಂದುಕೊಂಡಿದ್ದೆ.

ಬಟ್ಟೆ ಅಂಗಡಿ, ದಾವಣಗೆರೆ:
ನಮ್ಮಲ್ಲಿ ಎರಡೂ ನಡೆಯುತ್ತದೆ. ಚಾವಿ ಅಂತಲೂ ಅನ್ನುತ್ತಾರೆ. ಸರಿ ತಪ್ಪು ಹೇಳೋಕೆ ನೀವ್ಯಾರು?

ಶಾಲೆ ಟೀಚರ್, ಧಾರವಾಡ:
ಬೀಗರು ಅಂದ್ರ ನಮ್ಮ ಕಡೆ ಮಗಳನ್ನ ಕೊಟ್ಟ ಮನಿಯವರು. ಅವರನ್ನ ಬಾಗಿಲಿಗೆ ಹಾಕತೀರೇನು?

ಬೀಗ ರಿಪೇರಿ, ಮೈಸೂರು:
ಬೀಗವೋ ಕೀಲಿಯೋ, ಕೊನೆಗೆ ಎಲ್ಲರೂ ಬರುವುದು ನಮ್ಮ ಹತ್ತಿರ. ಇಪ್ಪತ್ತೆರಡು ವರ್ಷದಿಂದ ಫುಟ್‌ಪಾತ್ ಮೇಲೆ ಕೂತಿದ್ದೇನೆ. ದಾವಣಗೆರೆಯವರ ಸೆಂಟರ್ ಲಾಕಿಗೆ 700 ತಗೊಂಡಿದ್ದು ಜಾಸ್ತಿ, ಅಷ್ಟು ಮಾತ್ರ ಹೇಳುತ್ತೇನೆ.

ಕೀ ಕಳೆಯುವುದು ಹುಕ್‌ನಿಂದ ಮಾತ್ರ ಅಲ್ಲ, ರಿಂಗಿನಿಂದಲೂ. ನನ್ನ ಹತ್ತಿರ ಬರುವ ಹತ್ತರಲ್ಲಿ ನಾಲ್ಕು ಜನ ಒಂದೇ ಒಂದು ಕೀ ಕಳೆದವರು. ಪುಕ್ಕಟೆ ಕೊಡುವ ಕೀ ಚೈನಿನ ರಿಂಗ್ ತೆಳು ತಂತಿ. ಉಗುರಿನಲ್ಲಿ ಎತ್ತಿದರೆ ಸುಲಭವಾಗಿ ಬಾಯಿ ಬಿಡುತ್ತದೆ ಅಂದ್ರೆ ಬಿಸಾಕಿ. ಉಗುರು ನೋಯಬೇಕು, ಅದು ಒಳ್ಳೆ ರಿಂಗ್. 15 ರೂಪಾಯಿ.

ಇನ್ನೊಂದು. ಡೂಪ್ಲಿಕೇಟ್ ನೋಡಿ ಡೂಪ್ಲಿಕೇಟ್ ಮಾಡಿಸಬೇಡಿ. ಒಂದೊಂದು ಸಲಕ್ಕೂ ಕೂದಲೆಳೆಯಷ್ಟು ತಪ್ಪು ಸೇರುತ್ತದೆ, ಮೂರನೇ ಕೀ ಅಲ್ಲಾಡಿಸಿದರೆ ಮಾತ್ರ ತಿರುಗುತ್ತದೆ, ಆಮೇಲೆ ಒಳಗೇ ಮುರಿಯುತ್ತದೆ. ಕಂಪನಿ ಜೊತೆ ಬಂದ ಕೀ ಮನೆಯಲ್ಲಿಡಿ, ಅದನ್ನು ನೋಡಿ ಮಾಡಿದ್ದನ್ನು ಬಳಸಿ. ಮತ್ತೆ ಕೀ ಫೋಟೋ ತೆಗೆದು ಎಲ್ಲೂ ಹಾಕಬೇಡಿ. ಹಲ್ಲು ಸ್ಪಷ್ಟವಾಗಿ ಕಂಡರೆ ನನ್ನಂಥವನು ಹಾಗೇ ಕೊರೆಯಬಲ್ಲ.

ಕೊರಿಯರ್, ಹುಬ್ಬಳ್ಳಿ:
ಸಣ್ಣ ಸಾಮಾನಿನ ಬಗ್ಗೆ ಯಾರೂ ಹೇಳಲೇ ಇಲ್ಲ. ನನ್ನ ಹತ್ತಿರ ವಿಕ್ಟೋರಿನಾಕ್ಸ್ ಕಂಪನಿಯ ಮಡಚುವ ಸಾಮಾನು, 58 ಮಿಲಿಮೀಟರಿನದು ಇತ್ತು. ಚಾಕು, ಕತ್ತರಿ, ಉಗುರು ಅರ, ಚಿಮುಟ, ಹಲ್ಲುಕಡ್ಡಿ ಎಲ್ಲ ಕಿರುಬೆರಳಿನಷ್ಟರಲ್ಲಿ. ಕೀ ಜೊತೆಗೇ ಹಾಕಿದ್ದೆ. ಅಕ್ಕನ ಮಗಳ ಮದುವೆಗೆ ವಿಮಾನದಲ್ಲಿ ಹೊರಟೆ. ಬ್ಯಾಗ್ ಚೆಕ್ ಇನ್ ಮಾಡಿ ಆಗಿತ್ತು, ಗೊಂಚಲು ಜೇಬಿನಲ್ಲೇ. ತಪಾಸಣೆಯಲ್ಲಿ ತೆಗೆದು ಡಬ್ಬಕ್ಕೆ ಹಾಕಿದರು. 1,650 ರೂಪಾಯಿಯದು, ನನ್ನ ಕಣ್ಣೆದುರೇ ಟಣ್ ಅಂತ ಬಿತ್ತು. ಮದುವೆ ಊಟ ರುಚಿಸಲಿಲ್ಲ.

ಟರ್ನರ್, ಪೀಣ್ಯ:
ಚಾಕು ತಗೊಂಡು ವಿಮಾನ ಹತ್ತೋಕೆ ಹೋದವರು ನೀವೇ.

ಕೊರಿಯರ್, ಹುಬ್ಬಳ್ಳಿ:
ಅದು ಚಾಕು ಅಲ್ಲ ರೀ, ಮಾವಿನಕಾಯಿ ಹೆಚ್ಚೋಕೂ ಆಗಲ್ಲ.

ಫ್ಯಾನ್ ರಿಪೇರಿ, ತುಮಕೂರು:
ಇಷ್ಟೆಲ್ಲ ಬರೆದಿದ್ದಕ್ಕೆ ಧನ್ಯವಾದ. ಬೆಲ್ಟ್ ಕಟ್ಟುವಂತಿಲ್ಲ ಅಂತ ಮೊದಲೇ ಹೇಳಿದ್ದೆ. ತಿಪಟೂರಿನವರ ಸಂಚಿ, ಉಡಿದಾರ ಯೋಚನೆ ಮಾಡುತ್ತಿದ್ದೇನೆ. ಆದರೆ ಏಳು ಕೀ ಭಾರಕ್ಕೆ ದಾರ ಆಪರೇಷನ್ ಜಾಗಕ್ಕೆ ಉಜ್ಜುತ್ತದೆಯೋ ಏನೋ. ಟ್ರ್ಯಾಕ್ ಪ್ಯಾಂಟಿಗೆ ಜಿಪ್ ಜೇಬು ಹೊಲಿಸಿದವರು ಯಾರಾದರೂ ಇದ್ದೀರಾ?

ಬಟ್ಟೆ ಅಂಗಡಿ, ದಾವಣಗೆರೆ:
ಮೈಸೂರಿನವರೇ, 700 ಜಾಸ್ತಿ ಅಂದಿರಲ್ಲ, ಹಬ್ಬದ ದಿನ ಬೆಳಿಗ್ಗೆ ಆರಕ್ಕೆ ನೀವಾದರೆ ಎಷ್ಟಕ್ಕೆ ಬರುತ್ತಿದ್ದಿರಿ? ಹೇಳಿ.

ಬೀಗ ರಿಪೇರಿ, ಮೈಸೂರು:
ಹಬ್ಬದ ದಿನ ನಾನು ಬರುವುದೇ ಇಲ್ಲ.

ಗ್ಯಾಸ್ ಸ್ಟವ್ ಸರ್ವೀಸ್, ಹಾಸನ:
ಒಳ್ಳೆ ಚರ್ಚೆ, ಈಗಷ್ಟೇ ನೋಡಿದೆ. ತುಮಕೂರಿನ ಅಣ್ಣಾ, ನಾನೂ ಇದೇ ಲೈನಿನವನು. ನೀವು ಎಷ್ಟು ಅಗಲದ ಬೆಲ್ಟ್ ಹಾಕುತ್ತೀರಿ ಹೇಳಿ, ಒಂದೂವರೆ ಇಂಚಾ, ಒಂದೂಕಾಲಾ? ಅದಕ್ಕೆ ಸರಿಯಾಗಿ ಹುಕ್ ಹೇಳುತ್ತೇನೆ.