"ಬೇಗ ಒಣಗುತ್ತದೆ" ಎಂದು ಬರೆದ ಬಟ್ಟೆ ಒಣಗಲೇ ಇಲ್ಲ: ತೇವದ ಹವೆಯ ಪ್ರವಾಸಕ್ಕೆ ಯಾವ ಉಡುಪು?

ಪ್ರಶ್ನೆ: ಬೆಳಗಿನ ಓಟ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಇಪ್ಪತ್ತು ದಿನ ಭೂಮಧ್ಯರೇಖೆಯ ಹತ್ತಿರದ ಮಳೆಕಾಡಿನ ಪ್ರದೇಶಕ್ಕೆ ಹೊರಟಿದ್ದೇನೆ. ಅಲ್ಲಿ ಹಗಲು 31-32 ಡಿಗ್ರಿ, ರಾತ್ರಿ 25ರ ಆಸುಪಾಸು, ಮಧ್ಯಾಹ್ನವಾದರೆ ಮಳೆ. ಬೆನ್ನಿಗೆ ಹಾಕುವ ಒಂದೇ ಚೀಲ, ಎಲ್ಲ ಸೇರಿ 7 ಕಿಲೋ ಮೀರುವಂತಿಲ್ಲ. ಬೆಳಿಗ್ಗೆ ಐದು ಕಿಲೋಮೀಟರ್ ಓಡುವ ಅಭ್ಯಾಸವನ್ನು ಪ್ರವಾಸದಲ್ಲೂ ಬಿಡುವುದಿಲ್ಲ. ರಾತ್ರಿ ಒಗೆದದ್ದನ್ನು ಬೆಳಿಗ್ಗೆ ತೊಡುವಂತಿರಬೇಕು, ನನಗೆ ಬೇಕಾದದ್ದು ಅಷ್ಟೇ.

ಹೋದ ಸಲ ಇಂಥದ್ದೇ ಹವೆಯಲ್ಲಿ ಎರಡು ಟೀ ಶರ್ಟ್, ಒಂದು ಲೆಗ್ಗಿಂಗ್ಸ್ ಒಯ್ದಿದ್ದೆ. ಮೂರರ ಮೇಲೂ "ಬೇಗ ಒಣಗುತ್ತದೆ" ಎಂಬ ಚೀಟಿ ಇತ್ತು. ರಾತ್ರಿ ಒಂಬತ್ತಕ್ಕೆ ಒಗೆದು ಸ್ನಾನದ ಮನೆಯಲ್ಲಿ ಹರವಿದರೆ ಬೆಳಿಗ್ಗೆ ಐದಕ್ಕೆ ಶರ್ಟು ತಣ್ಣಗೆ ಅಂಟಂಟಾಗಿರುತ್ತಿತ್ತು. ಲೆಗ್ಗಿಂಗ್ಸಿನ ಸೊಂಟಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ಒಸರುತ್ತಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಹಾಕಿಕೊಂಡು ಓಡಿದೆ. ನಾಲ್ಕನೆಯ ದಿನಕ್ಕೆ ಸೊಂಟದ ಸುತ್ತ ಕೆಂಪು ಗುಳ್ಳೆಗಳು, ವಾರ ಕಳೆಯುವಷ್ಟರಲ್ಲಿ ಚೀಲ ತೆರೆದರೆ ಮುಗ್ಗಲು ವಾಸನೆ. ಊರಿಗೆ ಮರಳಿದ ಮೇಲೂ ಆ ಉರಿ ಹದಿನೈದು ದಿನ ಕಾಡಿತು.

ನೂಲು ಯಾವುದಿರಬೇಕು? ಎಷ್ಟು ಜೊತೆ ಒಯ್ಯಬೇಕು? ಮೆರಿನೊ ಉಣ್ಣೆಯನ್ನು ಬಹಳ ಜನ ಹೊಗಳುತ್ತಾರೆ, ಆ ಸೆಕೆಯಲ್ಲಿ ಉಣ್ಣೆ ಸರಿಯೇ? ಬಳಸಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ: ನೂಲುಗಣ್ಣು

ನಮಸ್ಕಾರ. ಹೆಣಿಗೆ ಬಟ್ಟೆಯ ಗಿರಣಿಯೊಂದರ ಪರೀಕ್ಷಾ ಕೊಠಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಆದ್ದರಿಂದ ತುಸು ಉದ್ದವಾಗಿಯೇ ಬರೆಯುತ್ತೇನೆ.

ಆ ಚೀಟಿ ಸುಳ್ಳು ಹೇಳಿರಲಿಕ್ಕಿಲ್ಲ. ಆದರೆ ಅದು ಯಾವ ಗಾಳಿಯ ಮಾತು ಎಂಬುದನ್ನು ಕೇಳಬೇಕು. ಬಟ್ಟೆಗಳ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಪ್ರಮಾಣಿತ ಹವೆ 20 ಡಿಗ್ರಿ ಉಷ್ಣತೆ, ಶೇ. 65 ಆರ್ದ್ರತೆ. ಆ ಗಾಳಿ ಘನ ಮೀಟರಿಗೆ ಇನ್ನೂ ಸುಮಾರು 6 ಗ್ರಾಂ ನೀರನ್ನು ಹೀರಬಲ್ಲದು. ನೀವು ಹೋಗುವಲ್ಲಿ ರಾತ್ರಿ 25 ಡಿಗ್ರಿ, ಆರ್ದ್ರತೆ ಶೇ. 95 ಎಂದಿಟ್ಟುಕೊಳ್ಳಿ. ಅಲ್ಲಿ ಉಳಿಯುವ ಜಾಗ 1 ಗ್ರಾಮಿಗಿಂತ ಚೂರು ಹೆಚ್ಚು, ಐದರಲ್ಲೊಂದು ಪಾಲು. ಪ್ರಯೋಗಾಲಯದಲ್ಲಿ ಒಂದು ಗಂಟೆಯಲ್ಲಿ ಒಣಗಿದ ಬಟ್ಟೆಗೆ ಅಲ್ಲಿ ಇಡೀ ರಾತ್ರಿ ಬೇಕಾದರೆ ಆಶ್ಚರ್ಯವಿಲ್ಲ. ಇನ್ನು ಸ್ನಾನದ ಮನೆಯಲ್ಲಿ ಹರವಿದ್ದೀರಿ. ಇಡೀ ತಂಗುದಾಣದಲ್ಲಿ ಅದಕ್ಕಿಂತ ತೇವದ ಜಾಗ ಇನ್ನೊಂದಿಲ್ಲ.

ಹೀಗಾಗಿ ತೇವದ ಹವೆಗೆ ಹೊರಟವರು ಬಟ್ಟೆ ಎಷ್ಟು ಬೇಗ ಒಣಗುತ್ತದೆ ಎಂದು ಕೇಳಬಾರದು, ಹಿಂಡಿದ ಮೇಲೆ ಅದರಲ್ಲಿ ಎಷ್ಟು ನೀರು ಉಳಿಯುತ್ತದೆ ಎಂದು ಕೇಳಬೇಕು. ಉಳಿದ ನೀರು ಕಡಿಮೆಯಿದ್ದರೆ ಆ ಸೋಮಾರಿ ಗಾಳಿಗೂ ಬೆಳಗಾಗುವುದರೊಳಗೆ ಅದನ್ನು ಮುಗಿಸಲು ಆಗುತ್ತದೆ.

ನೂಲಿನ ವಿಷಯ ಎಲ್ಲರಿಗೂ ಗೊತ್ತಿರುವುದೇ. ಪ್ರಮಾಣಿತ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಶೇ. 8ರಷ್ಟು ತೇವವನ್ನು ಎಳೆಯೊಳಗೇ ಇಟ್ಟುಕೊಳ್ಳುತ್ತದೆ, ನೈಲಾನ್ ಶೇ. 4, ಪಾಲಿಯೆಸ್ಟರ್ ಶೇ. 0.4. ಇಷ್ಟು ಕೇಳಿದವರು ಪಾಲಿಯೆಸ್ಟರ್ ಇದ್ದರೆ ಸಾಕೆಂದು ಕೊಂಡುಬಿಡುತ್ತಾರೆ. ಆದರೆ ಒಗೆದ ಬಟ್ಟೆಯಲ್ಲಿರುವ ನೀರಿನ ಬಹುಪಾಲು ಎಳೆಯೊಳಗೆ ಇರುವುದಿಲ್ಲ, ಎಳೆ ಎಳೆಗಳ ನಡುವಿನ ಸಂದಿಯಲ್ಲಿರುತ್ತದೆ. ದಪ್ಪ ಹೆಣಿಗೆಯ, ಒಳಮೈ ಉಜ್ಜಿ ಮೆತ್ತಗೆ ಮಾಡಿದ ಪಾಲಿಯೆಸ್ಟರ್ ತೆಳ್ಳನೆಯ ಹತ್ತಿ ಬಟ್ಟೆಗಿಂತ ಹೆಚ್ಚು ನೀರು ಹಿಡಿದದ್ದನ್ನು ನಾನೇ ತೂಗಿ ನೋಡಿದ್ದೇನೆ. ಮೊದಲು ತೆಳುವಾದದ್ದನ್ನು ಆರಿಸಿ, ನೂಲಿನ ಹೆಸರನ್ನು ಆಮೇಲೆ ನೋಡಿ. ಚದರ ಮೀಟರಿಗೆ 100ರಿಂದ 130 ಗ್ರಾಂ ತೂಗುವ ಶರ್ಟು ನಿಮಗೆ ಸರಿ, 180 ದಾಟಿದ್ದು ಬೇಡ.

ನಿಮ್ಮ ಲೆಗ್ಗಿಂಗ್ಸಿನ ಸೊಂಟಪಟ್ಟಿಯ ಕಥೆಯೂ ಅದೇ. ಅಲ್ಲಿ ಬಟ್ಟೆ ಎರಡೋ ನಾಲ್ಕೋ ಮಡಿಕೆ, ನಡುವೆ ಎಲಾಸ್ಟಿಕ್, ಒಳಗೊಂದು ಪುಟ್ಟ ಜೇಬು. ಗಾಳಿ ಒಳಹೋಗಲು ದಾರಿಯೇ ಇಲ್ಲ. ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲು ಹೆಚ್ಚಿರುವ ಹೆಣಿಗೆ ಬಿಗಿಯಾಗಿ, ದಟ್ಟವಾಗಿರುತ್ತದೆ. ಅದು ಮೈಗೆ ಹಿತ, ಹಗ್ಗದ ಮೇಲೆ ಮಾತ್ರ ಶತ್ರು. ತೆಳು ನೇಯ್ಗೆಯ, ಕಿರಿದಾದ ಸೊಂಟಪಟ್ಟಿಯ, ಒಳಪದರಕ್ಕೆ ಜಾಲರಿಯಿರುವ ಸಡಿಲ ಚಡ್ಡಿ ಕೊಳ್ಳಿ. ಅಂಗಡಿಯಲ್ಲಿ ಉಡುಪನ್ನು ಒಳಹೊರಗು ಮಾಡಿ ಬೆರಳಾಡಿಸಿ ನೋಡಿ: ಎಲ್ಲೆಲ್ಲಿ ದಪ್ಪ ಗಂಟು ಸಿಗುತ್ತದೋ ಅದೆಲ್ಲ ಬೆಳಿಗ್ಗೆ ಒದ್ದೆ ಉಳಿಯುವ ಜಾಗ.

ಮನೆಯಲ್ಲಿ ಅಡುಗೆಯ ತೂಕದ ಯಂತ್ರ ಇದ್ದರೆ ಈಗಿರುವ ಬಟ್ಟೆಗಳನ್ನು ಒಣಗಿದ್ದಾಗ ಒಮ್ಮೆ, ನೆನೆಸಿ ಹಿಂಡಿದ ಮೇಲೆ ಒಮ್ಮೆ ತೂಗಿ. ಹೊಸದನ್ನು ಕೊಳ್ಳುವ ಮುಂಚೆ ಇದನ್ನು ಖಂಡಿತ ಮಾಡಿ.

ಒಗೆಯುವಾಗ ಸಾಫ್ಟ್‌ನರ್ ಬೇಡವೇ ಬೇಡ. ಅದು ನೂಲಿನ ಮೇಲೆ ಜಿಡ್ಡಿನಂಥ ಪದರ ಬಿಡುತ್ತದೆ, ಬೆವರನ್ನು ಹರಡುವ ಗುಣವೇ ಹೋಗುತ್ತದೆ. ಹಿಂಡಿದ ಮೇಲೆ ಒಣ ಟವೆಲ್ ಹಾಸಿ, ಅದರ ಮೇಲೆ ಬಟ್ಟೆ ಹರಡಿ, ಚಾಪೆ ಸುತ್ತುವಂತೆ ಸುತ್ತಿ, ಮೊಣಕಾಲೂರಿ ಒತ್ತಿ. ಟವೆಲ್ ಕುಡಿದ ನೀರನ್ನು ಗಾಳಿ ಕುಡಿಯಬೇಕಾಗಿಲ್ಲ. ಆಮೇಲೆ ಫ್ಯಾನಿನ ಗಾಳಿ ನೇರವಾಗಿ ಬೀಳುವಲ್ಲಿ, ಒಳಹೊರಗು ಮಾಡಿ ತೂಗುಹಾಕಿ. ಕೋಣೆಯಲ್ಲಿ ಎಸಿ ಇದ್ದರೆ ಕಿಟಕಿ ಮುಚ್ಚಿ ಅಲ್ಲೇ ಒಣಗಿಸಿ. ಎಸಿಯ ಕೊಳವೆಯಿಂದ ಹೊರಗೆ ತೊಟ್ಟಿಕ್ಕುವ ನೀರು ಕೋಣೆಯ ಗಾಳಿಯಿಂದ ತೆಗೆದದ್ದೇ.

ಉತ್ತರ: ಕಾಡುದಾರಿ

ನೂಲುಗಣ್ಣು ಅವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಮೆರಿನೊ ಬಗ್ಗೆ ಮಾತ್ರ ನಾನು ಹೇಳುತ್ತೇನೆ. ಅದು ಪಾಲಿಯೆಸ್ಟರಿಗಿಂತ ನಿಧಾನವಾಗಿ ಒಣಗುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೂ ನನ್ನ ಚೀಲದಲ್ಲಿ ಒಂದು ತೆಳು ಮೆರಿನೊ ಶರ್ಟು ಯಾವಾಗಲೂ ಇರುತ್ತದೆ. ಪಾಲಿಯೆಸ್ಟರ್ ಮೈಯ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳಿಗೆ ಅದೇ ಆಹಾರ. ಒಂದೇ ದಿನ ತೊಟ್ಟರೂ ನಾರುತ್ತದೆ. ಮೆರಿನೊ ಮೂರು ದಿನ ತೊಟ್ಟರೂ ಪಕ್ಕದವರು ಮುಖ ತಿರುಗಿಸುವುದಿಲ್ಲ. ಬಸ್ಸು, ದೋಣಿ ಎಂದು ಒಗೆಯಲು ಬಿಡುವೇ ಸಿಗದ ದಿನಗಳಿಗೆ ಅದು. ಓಡುವುದಕ್ಕೆ ತೆಳು ಪಾಲಿಯೆಸ್ಟರ್ ಅಥವಾ ನೈಲಾನ್.

ಇನ್ನೊಂದು, ಸೊಳ್ಳೆ. ಮೈಗಂಟಿದ ತೆಳು ಹೆಣಿಗೆಯ ಮೇಲಿಂದ ಸೊಳ್ಳೆ ಸಲೀಸಾಗಿ ಚುಚ್ಚುತ್ತದೆ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದೂ ಮುಖ್ಯವಾಗಿ ಹಗಲಿನಲ್ಲೇ. ಅದಕ್ಕಾಗಿ ಒತ್ತು ನೇಯ್ಗೆಯ, ತಿಳಿ ಬಣ್ಣದ, ಉದ್ದ ತೋಳಿನ ಸಡಿಲವಾದ ನೈಲಾನ್ ಅಂಗಿ ಒಂದಿರಲಿ. ಡೀಟ್ ಇರುವ ಸೊಳ್ಳೆ ಮುಲಾಮು ಸ್ಪ್ಯಾಂಡೆಕ್ಸ್ ಮತ್ತು ರೇಯಾನ್ ನೂಲನ್ನು ಹಾಳು ಮಾಡಬಲ್ಲದು. ನನ್ನ ಒಂದು ಚಡ್ಡಿಯ ಅಂಚು ಹಾಗೇ ಜಾಳಾಗಿ ಹೋಯಿತು. ಹಚ್ಚಿದ ಮೇಲೆ ಕೈ ಒರೆಸಿಕೊಂಡು ಬಟ್ಟೆ ಮುಟ್ಟಿ.

ಉತ್ತರ: ತಣ್ಣೆಳಲು

ನಿಮ್ಮ ಗುಳ್ಳೆಗಳ ವಿವರ ಓದಿ ಕಳವಳವಾಯಿತು. ಒದ್ದೆ ಬಟ್ಟೆ ಬಿಗಿಯಾಗಿ ಉಜ್ಜುವಲ್ಲಿ ಬೆವರುಸಾಲೆಯೂ ಏಳುತ್ತದೆ, ಹುಳುಕಡ್ಡಿಯೂ ಹಿಡಿಯುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಈ ಸಲ ಕಾಣಿಸಿಕೊಂಡರೆ ಮನೆಮದ್ದು ಬಿಟ್ಟು ವೈದ್ಯರಿಗೆ ತೋರಿಸಿ. ದಿನಕ್ಕೆ ಏಳೆಂಟು ಗಂಟೆಯಾದರೂ ಚರ್ಮ ಪೂರ್ತಿ ಒಣಗಿರಬೇಕು. ಮಲಗಲೆಂದೇ ಒಂದು ಜೊತೆ ಸಡಿಲ ಬಟ್ಟೆಯನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಳ್ಳಿ. ಅದನ್ನು ಹೊರಗೆ ತೊಡಬೇಡಿ, ಎಷ್ಟೇ ತೊಂದರೆಯಾದರೂ ಸರಿ. ಅದು ಹತ್ತಿಯದಾದರೂ ಪರವಾಗಿಲ್ಲ.

ಮರುಉತ್ತರ: ಬೆಳಗಿನ ಓಟ

ಮೂವರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಹೇಳಿದಂತೆಯೇ ತೂಗಿದೆ. ಹಳೆಯ ಟೀ ಶರ್ಟ್ ಒಣಗಿದ್ದಾಗ 165 ಗ್ರಾಂ, ಹಿಂಡಿದ ಮೇಲೆ 262. ಲೆಗ್ಗಿಂಗ್ಸ್ 230 ಇದ್ದದ್ದು 352 ಆಯಿತು. ಕಪಾಟಿನ ಮೂಲೆಯಲ್ಲಿ ಯಾವುದೋ ಓಟದಲ್ಲಿ ಕೊಟ್ಟ ತೆಳು ಪಾಲಿಯೆಸ್ಟರ್ ಶರ್ಟು ಬಿದ್ದಿತ್ತು, ಅಗ್ಗದ್ದೆಂದು ಒಮ್ಮೆಯೂ ತೊಟ್ಟಿರಲಿಲ್ಲ. ಅದು 98 ಇದ್ದದ್ದು 131. ನೀರು ಬರೀ 33 ಗ್ರಾಂ!

ನಿನ್ನೆ ರಾತ್ರಿ ಇಲ್ಲಿ ಜಡಿಮಳೆ. ಅವಕಾಶ ಬಿಡಬಾರದೆಂದು ಕಿಟಕಿ ತೆರೆದಿಟ್ಟು, ಮೂರನ್ನೂ ಒಂಬತ್ತೂವರೆಗೆ ಫ್ಯಾನಿನ ಕೆಳಗೆ ಹಾಕಿದೆ. ಟವೆಲ್ ಉಪಾಯ ಬೇಕೆಂದೇ ಮಾಡಲಿಲ್ಲ. ಐದಕ್ಕೆ ಎದ್ದು ತೂಗಿದರೆ ತೆಳು ಶರ್ಟಿನಲ್ಲಿ 3 ಗ್ರಾಂ ನೀರು, ಹಳೆಯದರಲ್ಲಿ 41, ಲೆಗ್ಗಿಂಗ್ಸಿನಲ್ಲಿ 70. ಕಾಲಿನ ಭಾಗ ಒಣಗಿತ್ತು, ಸೊಂಟಪಟ್ಟಿ ಮಾತ್ರ ತೊಯ್ದ ಬತ್ತಿಯಂತೆ ಇತ್ತು.

ಈಗ ಪಟ್ಟಿ ಹೀಗಿದೆ: ತೆಳು ಪಾಲಿಯೆಸ್ಟರ್ ಶರ್ಟು ಎರಡು, ಮೆರಿನೊ ಒಂದು, ಉದ್ದ ತೋಳಿನ ನೈಲಾನ್ ಅಂಗಿ ಒಂದು, ಸಡಿಲ ಚಡ್ಡಿ ಎರಡು, ಮಲಗುವ ಜೊತೆ ಒಂದು. ಲೆಗ್ಗಿಂಗ್ಸ್ ಇಲ್ಲೇ ಉಳಿಯುತ್ತದೆ. ಚಡ್ಡಿಯಲ್ಲಿ ತೊಡೆ ಉಜ್ಜುತ್ತದೆಯೇ ಎಂಬ ಒಂದು ಹೆದರಿಕೆ ಮಾತ್ರ ಉಳಿದಿದೆ.

ಉತ್ತರ: ನೂಲುಗಣ್ಣು

ಉಜ್ಜುತ್ತದೆ. ಓಡುವ ಮುಂಚೆ ಒಳತೊಡೆಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಿ. ರಾತ್ರಿ ಆ ಅಂಚನ್ನು ಸೋಪು ಹಾಕಿ ಚೆನ್ನಾಗಿ ತಿಕ್ಕಿ ತೊಳೆಯಿರಿ, ಜಿಡ್ಡು ಉಳಿದರೆ ನೂಲು ಬೆವರನ್ನು ಹರಡುವುದಿಲ್ಲ. ಹೊರಡುವುದಕ್ಕೆ ಮೊದಲು ಹೊಸ ಚಡ್ಡಿಗಳನ್ನೂ ಒಮ್ಮೆ ತೂಗಿ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.