ಆಮೆಗೆ ನವರಾತ್ರಿಗೆ ಅಂಗಿ ಹಾಕಬಹುದಾ? ಹೇಗೆ ಹಾಕೋದು?

ಗೊಂಬೆಮನೆ, ಮೈಸೂರು
ಮನೆಯಲ್ಲಿ ಸುಲ್ಕಾಟಾ ಆಮೆ ಇದೆ. ಚಿಪ್ಪಿನ ಉದ್ದ 15 ಸೆಂ.ಮೀ., ತೂಕ ಸುಮಾರು 700 ಗ್ರಾಂ. ಗೊಂಬೆ ಕೂರಿಸಿದಾಗ ಅದಕ್ಕೂ ಒಂದು ಅಂಗಿ ಹಾಕಿ ಫೋಟೋ ತೆಗೀಬೇಕು ಅಂತ ಮಕ್ಕಳ ಆಸೆ. ರೇಷ್ಮೆ ಸೀರೆಯ ಜರಿ ಅಂಚಿನ ತುಂಡಿದೆ, ಕ್ರೋಶಾನೂ ಬರುತ್ತೆ. ಯಾವುದು ಒಳ್ಳೇದು? ಎಷ್ಟು ಬಿಗಿ ಇರಬೇಕು? ಅದೇ ಅಂಗೀನ ಡಿಸೆಂಬರ್ ಚಳಿಗೆ ರಾತ್ರಿ ಹಾಕಿ ಬಿಡಬಹುದಾ?

ಬೋಗಾದಿ ತೋಟ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಖಂಡಿತ ಬೇಡ. ಸ್ವೆಟರ್ ನಮ್ಮನ್ನು ಬೆಚ್ಚಗಿಡೋದು ನಮ್ಮ ಮೈಶಾಖವನ್ನೇ ಹಿಡಿದಿಟ್ಟು. ಆಮೆ ಶಾಖ ತಗೊಳ್ಳೋದು ಹೊರಗಿನಿಂದ. ತಣ್ಣಗಾದ ಆಮೆಗೆ ಬಟ್ಟೆ ಹೊದಿಸಿದರೆ ಬೆಳಗಿನ ಬಿಸಿಲೂ ಚಿಪ್ಪಿಗೆ ತಾಗಲ್ಲ, ಅದು ಇನ್ನೂ ತಡವಾಗಿ ಬೆಚ್ಚಗಾಗುತ್ತೆ. ಸುಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಪ್ರಾಣಿ, ಶೀತನಿದ್ರೆ ಮಾಡಲ್ಲ. ರಾತ್ರಿ 21 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಮೈಸೂರಿನ ಚಳಿಗಾಲದ ರಾತ್ರಿ ಅದಕ್ಕಿಂತ ಕೆಳಗೇ ಹೋಗುತ್ತೆ. ಮರದ ಪೆಟ್ಟಿಗೆ, ಸೆರಾಮಿಕ್ ಹೀಟರ್, ಜೊತೆಗೆ ಥರ್ಮೋಸ್ಟಾಟ್, ಇಷ್ಟು ಮಾಡಿ. ಮೂಗಲ್ಲಿ ಗುಳ್ಳೆ ಬಂದರೆ, ಬಾಯಿ ತೆರೆದು ಕತ್ತು ಚಾಚಿ ಉಸಿರಾಡಿದರೆ ಆವತ್ತೇ ಪಶುವೈದ್ಯರ ಹತ್ತಿರ ಕರ್ಕೊಂಡು ಹೋಗಿ.

ಫೋಟೋಗೆ ಹಾಕೋದಾದರೆ ಒಂದು ವಿಷಯ ಮನಸ್ಸಲ್ಲಿರಲಿ. ಆಮೆಯ ಪಕ್ಕೆಲುಬು ಚಿಪ್ಪಿಗೇ ಸೇರಿಹೋಗಿರುತ್ತೆ, ಹಾಗಾಗಿ ಎದೆ ಹಿಗ್ಗಿಸಿ ಉಸಿರಾಡೋಕೆ ಆಗಲ್ಲ. ಕಾಲಿನ ಬುಡದ ಸುತ್ತಲಿನ ಸ್ನಾಯುಗಳು ಆಡಿದಾಗಲೇ ಗಾಳಿ ಒಳಗೆ ಹೊರಗೆ ಹೋಗೋದು. ಕಾಲು, ಕತ್ತು ಹೊರಬರೋ ಸಂದನ್ನು ಮುಚ್ಚೋ ಅಂಗಿ ಉಸಿರಿಗೇ ಅಡ್ಡ. ತೋಳು, ಕಾಲರ್ ಯಾವುದೂ ಬೇಡ.

ಕ್ರೋಶಾ ಕೈ, ಮಂಡ್ಯ
ಅಕ್ಕ, ಜರಿ ಬಿಟ್ಟುಬಿಡಿ. ಅದರ ಎಳೆ ಕತ್ತಿನ ಚರ್ಮ ಗೀರುತ್ತೆ, ರೇಷ್ಮೆ ಜಾರಿ ಒಂದು ಪಕ್ಕಕ್ಕೆ ಬೀಳುತ್ತೆ. ಹತ್ತಿ ದಾರದಲ್ಲಿ, 3.5 ಮಿ.ಮೀ. ಕ್ರೋಶಾ ಕಡ್ಡಿಯಲ್ಲಿ ಹೀಗೆ ಹಾಕಿ:

ಟೇಪನ್ನು ಚಿಪ್ಪಿನ ಮೇಲೆ ಹಾಯಿಸಿ ಕತ್ತಿನ ಅಂಚಿನಿಂದ ಬಾಲದ ಅಂಚಿನವರೆಗೆ ಅಳೆಯಿರಿ. 20 ಸೆಂ.ಮೀ. ಬಂದರೆ ಸುತ್ತ ಒಂದೂವರೆ ಬಿಟ್ಟು 17ಕ್ಕೆ ಮುಗಿಸಿ. 6 ಸಿಂಗಲ್ ಕ್ರೋಶಾದಿಂದ ಶುರು, ಸುತ್ತಿಗೆ 6ರಂತೆ ಹೆಚ್ಚಿಸಿ. 12 ಸೆಂ.ಮೀ. ಅಗಲ ಆದ ಮೇಲೆ ಹೆಚ್ಚಿಸದೆ ಸುಮಾರು 4 ಸುತ್ತು ಹಾಕಿ, ಅಂಚು ತಾನಾಗೇ ಬಾಗಿ ಚಿಪ್ಪಿಗೆ ಕೂರುತ್ತೆ. ಟೋಪಿ ಹಾಗೆ ಚಿಪ್ಪಿನ ಒಳಕ್ಕೆ ಮಡಚಬೇಡಿ. ಹೆಣಿಗೆ ಒತ್ತಾಗಿರಲಿ, ಜಾಲರಿ ಡಿಸೈನ್ ಬೇಡವೇ ಬೇಡ: ಉಗುರು ಜಾಲರಿಯ ತೂತಿಗೆ ಸಿಕ್ಕಿದರೆ ಆಮೆಗೆ ಬಿಡಿಸಿಕೊಳ್ಳೋಕೆ ಬರಲ್ಲ, ಕಾಲು ಒಳಕ್ಕೆ ಎಳೆದಷ್ಟೂ ದಾರ ಬಿಗಿಯುತ್ತೆ, ರಕ್ತ ಓಡಾಟ ನಿಲ್ಲುತ್ತೆ.

ಕಟ್ಟೋಕೆ 1 ಸೆಂ.ಮೀ. ಅಗಲದ ಹತ್ತಿ ಪಟ್ಟಿ ಒಂದೇ ಸಾಕು. ಮುಂಗಾಲು ಹಿಂಗಾಲಿನ ನಡುವೆ ಮೇಲಿನ ಚಿಪ್ಪು ಕೆಳಗಿನ ಚಿಪ್ಪು ಕೂಡೋ ಗಟ್ಟಿ ಜಾಗದಲ್ಲಿ ಹೊಟ್ಟೆಯಡಿ ಹಾಯಿಸಿ, ತುದಿಗೆ 1 ಸೆಂ.ಮೀ. ಮಾತ್ರ ವೆಲ್ಕ್ರೋ. ಎಲ್ಲಾದರೂ ಸಿಕ್ಕಿಕೊಂಡು ಜಗ್ಗಿದರೆ ಅದು ಬಿಚ್ಚಿಕೊಳ್ಳಬೇಕು. ಕಿರುಬೆರಳು ಸಲೀಸಾಗಿ ತೂರಬೇಕು, ಅಷ್ಟೇ ಬಿಗಿ. ಎಲಾಸ್ಟಿಕ್ ಹಾಕಿದರೆ ಜಾರಿ ಕಾಲಿನ ಬುಡಕ್ಕೆ ಬಂದು ಅಲ್ಲೇ ಕಚ್ಚಿಕೊಳ್ಳುತ್ತೆ. ಗುಂಡಿ, ಮಣಿ, ಮಿಂಚು ಬೇಡ, ಕಿತ್ತು ನುಂಗುತ್ತೆ. ಮೇಲೆ ಗೋಪುರ ಕಿರೀಟ ಅಂತ ಎತ್ತರ ಮಾಡಿದರೆ ವಾಲಿ ಅಂಗಾತ ಬೀಳಬಹುದು. ಶ್ವಾಸಕೋಶ ಬೆನ್ನಿನ ಕಡೆ ಇರೋದರಿಂದ ಅಂಗಾತ ಬಿದ್ದರೆ ಒಳಗಿನ ಭಾರವೆಲ್ಲ ಅದರ ಮೇಲೆ.

ಬೋಗಾದಿ ತೋಟ
ಒಳ್ಳೇ ಅಳತೆ ಕೊಟ್ಟಿದ್ದೀರಿ. ಹತ್ತು ನಿಮಿಷ ಸಾಕು, ನೆರಳಲ್ಲಿ, ಯಾರಾದರೂ ಪಕ್ಕದಲ್ಲೇ ಇದ್ದು. ತಲೆ ಒಳಗೆಳೆದುಕೊಂಡು ಹೊರಗೇ ಬರದಿದ್ದರೆ, ಅಥವಾ ಹಿಂದಕ್ಕೆ ಹಿಂದಕ್ಕೆ ತಳ್ಳಿಕೊಂಡು ಹೋದರೆ ತಕ್ಷಣ ತೆಗೆದುಬಿಡಿ. ಗೊಂಬೆ ಮೆಟ್ಟಿಲ ಮೇಲೆ ಇಡಬೇಡಿ, ನೆಲದಲ್ಲೇ ಫೋಟೋ ತೆಗೀರಿ, ದೀಪ ದೂರ ಇರಲಿ.

ಕಾವೇರಿ ದಂಡೆ, ಶ್ರೀರಂಗಪಟ್ಟಣ
ಇದನ್ನು ಓದೋ ಬೇರೆಯವರಿಗೆ: ನಿಮ್ಮಲ್ಲಿರೋದು ನಕ್ಷತ್ರ ಆಮೆ ಆಗಿದ್ದರೆ ಅಂಗಿಯ ಮಾತೇ ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೆ ರಕ್ಷಣೆ ಇದೆ, 2022ರ ತಿದ್ದುಪಡಿಯಲ್ಲಿ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಮೊದಲನೇ ಅನುಸೂಚಿಗೆ ಸೇರಿದೆ. ಸಾಕೋದೇ ಅಪರಾಧ. ಚಾಮುಂಡಿ ಬೆಟ್ಟಕ್ಕೋ ಹೊಳೆಗೋ ಬಿಟ್ಟುಬರೋದೂ ತಪ್ಪು, ಅರಣ್ಯ ಇಲಾಖೆಗೆ ಒಪ್ಪಿಸಿ. ಸುಲ್ಕಾಟಾ ವಿದೇಶಿ ಜಾತಿ, ಆದರೆ ಅದಕ್ಕೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು.

ಗೊಂಬೆಮನೆ, ಮೈಸೂರು
ನೋಂದಣಿ ಆಗಿದೆ. ಅಂಗಿ ಬದಲು ಚೆಂಡುಹೂವಿನ ಹಾರ ಹಾಕಿ ಕುಂಕುಮ ಇಟ್ಟರೆ?

ಕ್ರೋಶಾ ಕೈ, ಮಂಡ್ಯ
ಹಾರದಲ್ಲಿ ಅಪಾಯ ಹೆಚ್ಚು ಅಕ್ಕ. ಹೂ ತಿನ್ನೋವಾಗ ದಾರಾನೂ ಹೊಟ್ಟೆಗೆ ಹೋಗಿ ಕರುಳಿಗೆ ಸುತ್ತಿಕೊಳ್ಳುತ್ತೆ. ಕುಂಕುಮ ಬೇಡ, ಪುಡಿ ಕಣ್ಣು ಮೂಗಿಗೆ ಬೀಳುತ್ತೆ. ಔಷಧಿ ಹೊಡೆಯದ ದಾಸವಾಳ ಒಂದನ್ನು ಮುಂದೆ ಇಡಿ. ತಾನೇ ಕತ್ತು ಚಾಚುತ್ತೆ, ಆಗ ಫೋಟೋ ತೆಗೀರಿ.